ಟ್ರಾನ್ಸ್‌ಫಾರ್ಮರಿನ ಏಕಾದಶಿ

ಕರೆಂಟ್ ಇಲಾಖೆಗೆ ಹೊಸದಾಗಿ ಸೇರಿದ ತರುಣ ತರುಣಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಹುಡುಕಬೇಡಿ. ವಯಸ್ಸಾಗುತ್ತ ಹೋಯಿತು, ಇಲಾಖೆ ಏರಿಸುತ್ತ ಹೋಯಿತು. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗ. ವಿಷಯ ಯಾವುದೇ ಇರಲಿ, ನನಗೆ ವಿರೋಧದ ಕಡೆಯೇ ಬೇಕು. ‘ದೇವರಿದ್ದಾನೆ’ ಎಂದು ವಿಷಯ ಕೊಟ್ಟರೆ ಇಲ್ಲ ಎಂದು ಸಾಧಿಸುತ್ತಿದ್ದೆ. ಮುಂದಿನ ವಾರ ‘ದೇವರಿಲ್ಲ’ ಎಂದು ಕೊಟ್ಟಿದ್ದರೆ ಅದನ್ನೂ ಖಂಡಿಸುತ್ತಿದ್ದೆನೋ ಏನೋ. ಎಪ್ಪತ್ತರ ದಶಕದ ಕೊನೆಗೆ ಈ ಚಟದ ಸಮೇತ ಉಡುಪಿಯ ಸೆಕ್ಷನ್ ಆಫೀಸಿಗೆ ಕಿರಿಯ ಇಂಜಿನಿಯರ್ ಆಗಿ ಬಂದು ಬಿದ್ದೆ. ಮೊದಲ ದಿನವೇ ಲೈನ್‌ಮನ್ ಸಂಜೀವನ ಜೊತೆ ವಾದ. ಕಂಬ ಹತ್ತುವ ಮೊದಲು ಅವನು ಕಂಬ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಿದ್ದ.

“ಸಿಮೆಂಟಿನ ಕಂಬದಲ್ಲಿ ದೇವರಿದ್ದಾನಾ ಸಂಜೀವ?”

“ದೇವರು ಉಂಟೋ ಇಲ್ಲವೋ ಗೊತ್ತಿಲ್ಲ ಸರ್. ಕರೆಂಟ್ ಉಂಟಲ್ಲ? ನೀವು ಲೈನ್ ಆಫ್ ಮಾಡಿದ್ದೀರಿ ಅಂತ ನಾನು ನಂಬುದು ಮತ್ತೆ ಎಂತದರ ಮೇಲೆ?”

ಆ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬರಲಿಲ್ಲ.

ಆ ಕಾಲಕ್ಕೆ ನಮ್ಮ ಕಡೆಯ ಊರುಗಳು ಬೆಳೆಯುತ್ತಿದ್ದದ್ದು ಬಸ್ಸಿನ ಸುತ್ತ. ಬಸ್ಸಿಳಿದವನು ಕೊಡೆ ಬಿಡಿಸುವ ಮೊದಲೇ ಅವನಿಗೆ ಸಿಗಬೇಕು ಎಂಬುದು ಎಲ್ಲ ವ್ಯಾಪಾರಿಗಳ ಆಸೆ. ಹೋಟೆಲು, ಲಾಡ್ಜು, ಫೋಟೋ ಸ್ಟುಡಿಯೋ, ಟೈಪಿಂಗ್ ಕ್ಲಾಸು, ಹಲ್ಲಿನ ಡಾಕ್ಟರು, ಎಲ್ಲರಿಗೂ ಬಸ್ ನಿಲ್ದಾಣದ ಮಗ್ಗುಲೇ ಬೇಕು. ಒಂದು ಮಾಳಿಗೆ ಇದ್ದಲ್ಲಿ ಮೂರು ಎದ್ದವು. ಮಾಳಿಗೆ ಏರಿಸುವವರು ಪುರಸಭೆಯನ್ನು ಕೇಳಿದರು, ಗಾರೆಯವನನ್ನು ಕೇಳಿದರು, ಜೋಯಿಸರನ್ನು ಕೇಳಿದರು. ಟ್ರಾನ್ಸ್‌ಫಾರ್ಮರನ್ನು ಯಾರೂ ಕೇಳಲಿಲ್ಲ.

ಮಣಿಪಾಲದಲ್ಲಿ ಬಸ್ ನಿಲ್ಲುವ ಜಾಗಕ್ಕೆ ಹತ್ತಿರದ ಮನೆಗಳೆಲ್ಲ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಾದವು. ಕೋಣೆಗೊಂದು ನೀರು ಕಾಯಿಸುವ ರಾಡ್. ಅದಕ್ಕೆ ಪರವಾನಗಿ ಇಲ್ಲ. ತಪಾಸಣೆಗೆ ಹೋದರೆ ಇಡೀ ಕಟ್ಟಡದಲ್ಲಿ ಒಂದು ರಾಡೂ ಕಾಣದು. “ನಾವು ತಣ್ಣೀರಲ್ಲೇ ಮೀಯುವುದು ಸರ್,” ಎಂದ ಒಬ್ಬ. ಅವನ ಬೆನ್ನ ಹಿಂದೆ ಕಂಬಳಿ ಹೊದ್ದ ಬಕೆಟ್ ಒಂದು ಗುಳುಗುಳು ಕುದಿಯುತ್ತಿತ್ತು. “ಅದೆಂತದು?” ಎಂದೆ. “ಅದಕ್ಕೆ ಜ್ವರ ಸರ್,” ಎಂದ. ಮುಂದೆ ಡಾಕ್ಟರಾಗುವವನು, ರೋಗಪರೀಕ್ಷೆಯಲ್ಲಿ ತಪ್ಪಿರಲಿಲ್ಲ.

ಕಾಪುವಿನಲ್ಲಿ ಬಸ್ ಸ್ಟಾಪಿನ ಎದುರು ಜವಳಿ ಅಂಗಡಿಯವನೊಬ್ಬ ನಮ್ಮ ಕಂಬವನ್ನು ಒಳಗೆ ಹಾಕಿಕೊಂಡೇ ಗೋಡೆ ಎಬ್ಬಿಸಿದ. ಕಂಬ ನಿನಗಿಂತ ಮೊದಲಿನದು ಎಂದು ನಾನು ವಾದಿಸಿದೆ. “ಇರಬಹುದು ಸರ್. ಈಗ ನನ್ನ ಅಂಗಡಿಯೊಳಗೆ ಉಂಟು. ನಾನೇನಾದರೂ ಬಾಡಿಗೆ ಕೇಳಿದ್ದೇನಾ?” ಎಂದ. ಹೆಚ್ಚಿನ ಸಂಗತಿ ಏನೆಂದರೆ, ಅವನು ಆ ಕಂಬಕ್ಕೆ ಸೀರೆ ಉಡಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದ. ಕಂಬಕ್ಕೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಇವೆಲ್ಲ ಬದಿಯ ಮಾತು. ನನ್ನನ್ನು ನಿಜವಾಗಿ ಕುಣಿಸಿದ್ದು ಉಡುಪಿ ಬಸ್ ನಿಲ್ದಾಣದ ಹಿಂದಿನ ಟ್ರಾನ್ಸ್‌ಫಾರ್ಮರ್.

ನಾಲ್ಕು ಅಂಗಡಿ, ನಾಲ್ಕು ಮನೆಗೆಂದು ಇಟ್ಟ ಸಣ್ಣ ಡಬ್ಬಿ ಅದು. ಸುತ್ತ ಕಟ್ಟಡ ಏರಿದ ಮೇಲೆ ಅದರ ಫ್ಯೂಸ್ ಮಧ್ಯಾಹ್ನದ ಮೇಲೆ ಢಮಾರ್ ಎಂದು ಹಾರತೊಡಗಿತು. ದಿನಾ ಹಾರಿದರೆ ಒಂದು ಕ್ರಮವಾದರೂ ಇತ್ತು. ಇದು ವಾರಗಟ್ಟಲೆ ಹಾರಿ, ಒಂದು ದಿನ ಸುಮ್ಮನಿದ್ದು, ಮರುದಿನ ಮತ್ತೆ ಹಾರುತ್ತಿತ್ತು. ಎರಡನೆಯ ಟ್ರಾನ್ಸ್‌ಫಾರ್ಮರ್ ಕೇಳಿದರೆ, ಮೊದಲನೆಯದರ ಸಾಮರ್ಥ್ಯ ತುಂಬಿದೆ ಎಂದು ಸಾಬೀತು ಮಾಡಿ ಎನ್ನುತ್ತಿದ್ದರು ಮೇಲಿನವರು. ಆಗಿನ ಕ್ರಮದಂತೆ ಲೋಡು ಅಳೆಯುವುದು ದೀಪ ಹಚ್ಚುವ ಹೊತ್ತಿಗೆ. ವೈರನ್ನು ಇಕ್ಕಳದಂತೆ ಕಚ್ಚಿ ಹಿಡಿದು ಅಳೆಯುವ ಮೀಟರು ಇಡೀ ವಿಭಾಗಕ್ಕೆ ಒಂದೇ. ಅದು ಕಾರ್ಕಳದಲ್ಲಿ ಮೇಲಧಿಕಾರಿ ಪಾಟೀಲ ಸಾಹೇಬರ ಕಪಾಟಿನಲ್ಲಿ ವಾಸವಾಗಿತ್ತು. ಬಸ್ಸಿನಲ್ಲಿ ನೆಂಟನ ಹಾಗೆ ಬಂದು, ಒಂದು ಸಂಜೆ ಇದ್ದು, ಬಸ್ಸಿನಲ್ಲೇ ಹಿಂದೆ ಹೋಗುತ್ತಿತ್ತು. ಸಂಜೆ ಅಳೆದರೆ ಟ್ರಾನ್ಸ್‌ಫಾರ್ಮರ್ ಸಾಧುವಾಗಿರುತ್ತಿತ್ತು.

ಹಾಗಾದರೆ ಮಧ್ಯಾಹ್ನ ಫ್ಯೂಸ್ ಸುಡುವವರು ಯಾರು? ಆ ಲೈನಿನಲ್ಲಿ ನಮಗೆ ಗೊತ್ತಿದ್ದ ದೊಡ್ಡ ಮೋಟರು ಒಂದೇ, ಟ್ರಾನ್ಸ್‌ಫಾರ್ಮರಿನ ಎದುರಿಗೇ ಇದ್ದ ಗಿರಿಜಕ್ಕನ ಹಿಟ್ಟಿನ ಗಿರಣಿಯದು.

ಗಿರಿಜಕ್ಕ ಸುಮಾರು ಐವತ್ತರ ಹೆಂಗಸು. ಬೊಂಬಾಯಿಗೆ ಹೋದ ಗಂಡ ಊರಿನ ದಾರಿಯನ್ನೇ ಮರೆತ ಮೇಲೆ ಆ ಗಿರಣಿಯೊಂದರಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಹುಬ್ಬಿನವರೆಗೂ ಹಿಟ್ಟು, ನಾಲಗೆಯ ಮೇಲೆ ಮೆಣಸು. ಗಿರಣಿಯ ಜಾಗ ವಾಸುದೇವ ಧಣಿಗಳದ್ದು. ಧಣಿಗಳಿಗೆ ಅಲ್ಲೊಂದು ಲಾಡ್ಜು ಎಬ್ಬಿಸುವ ಆಸೆ. ಬಾಡಿಗೆದಾರಳನ್ನು ಕೋರ್ಟಿಗೆ ಹೋಗಿ ಬಿಡಿಸುವುದಕ್ಕಿಂತ ಗಿರಣಿಯ ಕರೆಂಟ್ ಹೋದರೆ ಅವಳೇ ಹೋಗುತ್ತಾಳೆ ಎಂಬ ಲೆಕ್ಕ ಅವರದು. ಫ್ಯೂಸಿಗೆ ಗಿರಣಿಯೇ ಕಾರಣ ಎಂದು ಅವರು ಅರ್ಜಿ ಹಾಕಿದರು. ಪಾಟೀಲ ಸಾಹೇಬರು ಫೋನು ಮಾಡಿದರು. ಅವರು ಧಾರವಾಡದ ಕಡೆಯವರು.

“ಆ ಲೈನಿನ ಮ್ಯಾಲ ದೊಡ್ಡ ಮೋಟರು ಗಿರಣೀದೊಂದ ಐತಿ. ಮತ್ಯಾರ್ ಸುಡ್ತಾರ್ರೀ ಫ್ಯೂಸು? ಲೈನ್ ತಗೀರಿ.”

“ದೊಡ್ಡದು ಎಂಬ ಮಾತ್ರಕ್ಕೆ ತಪ್ಪು ಅದರದೇ ಆಗುವುದಿಲ್ಲ ಸರ್. ಒಂದು ದಿನ ಗಿರಣಿ ಮುಚ್ಚಿಸಿ ನೋಡುತ್ತೇನೆ. ಆಗಲೂ ಫ್ಯೂಸ್ ಹೋದರೆ ಗಿರಣಿ ನಿರಪರಾಧಿ.”

“ಹೋಗ್ಲಿಲ್ಲಂದ್ರ?”

“ಹೋಗುತ್ತದೆ ಸರ್.”

ಚರ್ಚೆಯಲ್ಲಿ ಗೆದ್ದು ಗೆದ್ದು ಬಂದವನ ಧೈರ್ಯ ಅದು. ನನಗೆ ಬಿಡುವಿದ್ದ ಒಂದು ದಿನ ನೋಡಿ ಗಿರಣಿ ಮುಚ್ಚಿಸಿದೆ. ಗೋಧಿಯ ಡಬ್ಬ ಹಿಡಿದು ಬಂದ ಹೆಂಗಸರು ಬಾಗಿಲಲ್ಲೇ ಗದ್ದಲ ಎಬ್ಬಿಸಿದರು. “ಇವತ್ತೇ ಆಗಬೇಕಿತ್ತಾ ನಿಮ್ಮ ಪರೀಕ್ಷೆ?” ಎಂದಳು ಒಬ್ಬಳು. ಪರೀಕ್ಷೆಗೆ ಒಳ್ಳೆಯ ದಿನ ಕೆಟ್ಟ ದಿನ ಎಂಬುದಿಲ್ಲ, ಅವೆಲ್ಲ ಪಂಚಾಂಗದವರ ಮಾತು ಎಂದು ಬೀದಿಯಲ್ಲೇ ಒಂದು ಚಿಕ್ಕ ಭಾಷಣ ಬಿಗಿದೆ. ಕೈತಟ್ಟಿದವನು ಸಂಜೀವ ಒಬ್ಬನೇ. ಅದೂ ಕೈಗೆ ಕೂತ ಸೊಳ್ಳೆಗೆ.

ಮಧ್ಯಾಹ್ನವಾಯಿತು. ಇಳಿಹೊತ್ತಾಯಿತು. ಫ್ಯೂಸ್ ಹೋಗಲಿಲ್ಲ.

ಸಂಜೆ ಧಣಿಗಳು ಆಫೀಸಿಗೆ ಬಂದು, “ನಿಮ್ಮ ಹಾಗೆ ಪರೀಕ್ಷೆ ಮಾಡುವವರು ಇಲಾಖೆಗೆ ಬೇಕು ಇಂಜಿನಿಯರ್ರೇ,” ಎಂದು ಹೊಗಳಿ ಹೋದರು. ಕತ್ತಲಾಗುವ ಮೊದಲು ಸಾಹೇಬರ ಆಜ್ಞೆಯಂತೆ ಸಂಜೀವ ಗಿರಣಿಯ ವೈರು ಕತ್ತರಿಸಿದ. ಗಿರಿಜಕ್ಕನ ಪರವಾಗಿ ನಾನು ಹೂಡಿದ ವಾದವೇ ಅವಳ ಗಿರಣಿಗೆ ಬೀಗ ಹಾಕಿತ್ತು.

ಮರುದಿನ ಮಧ್ಯಾಹ್ನ, ಗಿರಣಿ ಸತ್ತು ಬಿದ್ದಿರುವಾಗಲೇ, ಫ್ಯೂಸ್ ಢಮಾರ್ ಎಂದು ಹಾರಿತು. ಆ ಸದ್ದಿನ ಬೆನ್ನಿಗೇ ಗಿರಿಜಕ್ಕ ಆಫೀಸಿನಲ್ಲಿದ್ದಳು.

“ಇಂಜಿನಿಯರ್ರೇ, ಈಗ ಸುಟ್ಟದ್ದು ಯಾರು? ನನ್ನ ಗಿರಣಿಯ ಪ್ರೇತವಾ?”

“ನಾನು ನೋಡ್ತೇನೆ ಗಿರಿಜಕ್ಕ.”

“ನೀವು ನೋಡಿದ್ದು ಕಂಡಿದ್ದೇನಲ್ಲ! ಒಂದು ತಿಂಗಳು ಕಲ್ಲು ನಿಂತರೆ ಗಿರಾಕಿಗಳು ಡಬ್ಬ ಹೊತ್ತುಕೊಂಡು ಸಂತೆಕಟ್ಟೆಯ ಗಿರಣಿಗೆ ಹೋಗಿ ಅಭ್ಯಾಸ ಮಾಡಿಕೊಳ್ತಾರೆ. ಮತ್ತೆ ಬರುದುಂಟಾ? ತಿಂಗಳ ಕೊನೆಗೆ ಬೀಗದ ಕೈ ಕೊಡು ಅಂತ ಧಣಿಗಳು ಹೇಳಿಯಾಯ್ತು. ನೀವು ದೊಡ್ಡ ಮಾತುಗಾರರು ಅಂತೆ. ಒಂದು ದಿನ ನನಗೆ ಉಪಕಾರ ಆಗುವ ಹಾಗೆ ಮಾತಾಡಿ ನೋಡುವ.”

ಸಾಹೇಬರಿಗೆ ಫೋನು ಮಾಡಿದೆ. “ಒಂದ್ ಸಲ ಸುಟ್ರ ಏನಾತು? ಬ್ಯಾರೆ ಏನರ ಕಾರಣ ಇರಬೇಕು,” ಎಂದರು. “ಹಾಗಾದರೆ ನಿನ್ನೆ ಸುಡದೆ ಇದ್ದದ್ದಕ್ಕೂ ಬೇರೆ ಕಾರಣ ಇರಬಹುದಲ್ಲ ಸರ್?” ಎಂದೆ. ಅವರು ಫೋನು ಇಟ್ಟರು. ಹೊಸಬರು ಗಮನಿಸಿ: ಮೇಲಧಿಕಾರಿಯ ಜೊತೆ ವಾದದಲ್ಲಿ ನೀವು ಗೆದ್ದ ಗುರುತು ಅದೊಂದೇ.

ತಲೆ ಕೆಟ್ಟು ನಿಲ್ದಾಣದ ಹಿಂದಿನ ಬೀದಿಯ ಭಟ್ರ ಹೋಟೆಲಿಗೆ ಹೋಗಿ ಕುಳಿತೆ. ಸಂಜೀವ ಅಷ್ಟರಲ್ಲಿ ಹೊಸ ಫ್ಯೂಸ್ ಕಟ್ಟಿದ್ದ. ಫ್ಯಾನು ತಿರುಗುತ್ತಿತ್ತು.

“ಒಂದು ಪ್ಲೇಟ್ ಇಡ್ಲಿ ಭಟ್ರೇ.”

ಭಟ್ರು ಗಲ್ಲಾದಿಂದ ತಲೆ ಎತ್ತಿ, ನಾನು ಕೋಳಿಸಾರು ಕೇಳಿದ ಹಾಗೆ ನನ್ನನ್ನು ನೋಡಿದರು. “ಇವತ್ತು ಇಡ್ಲಿ ಇಲ್ಲ ಮಾರಾಯ್ರೆ. ಏಕಾದಶಿ. ಅವಲಕ್ಕಿ ಉಂಟು, ಸಜ್ಜಿಗೆ ಉಂಟು.”

“ಬಸ್ಸಿಳಿದು ಬರುವವರೆಲ್ಲ ಏಕಾದಶಿಯವರಾ?”

“ಅವರಲ್ಲ. ಹೋಟೆಲಿನವರು ನಾವು ಏಕಾದಶಿಯವರು ಅಲ್ವಾ? ಈ ಬೀದಿಯಲ್ಲಿ ಯಾರ ಒಲೆಯ ಮೇಲೂ ಇವತ್ತು ಅಕ್ಕಿ ಬೇಯುದಿಲ್ಲ.”

ನಾನು ಬಿಡುವವನೇ? ಅಡುಗೆಮನೆಯಿಂದ ಗರಗರ ಎಂಬ ಸದ್ದು ಬರುತ್ತಿತ್ತು. “ಇಡ್ಲಿ ಇಲ್ಲದಿದ್ದರೆ ಒಳಗೆ ರುಬ್ಬುವುದು ಎಂತದು?”

“ಅದು ನಾಳೆಗೆ. ದ್ವಾದಶಿಗೆ ಜನ ಹಸಿದುಕೊಂಡು ಬರ್ತಾರೆ. ಇವತ್ತು ಎಲ್ಲ ಗ್ರೈಂಡರೂ ಹಾಕಬೇಕು.”

“ಹಾಗಾದರೆ ನಿನ್ನೆ ರುಬ್ಬಿದ್ದು?”

“ನಿನ್ನೆ ದಶಮಿ. ನಿನ್ನೆ ರುಬ್ಬಿ ಇವತ್ತು ಯಾರಿಗೆ ಕೊಡುದು? ನಿಮಗೊಬ್ಬರಿಗಾ?”

ಸಜ್ಜಿಗೆ ಬಂತು. ನಾನು ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದೆ. ಹಿಂದೆ ಅಲ್ಲಿ ಕಲ್ಲಿನ ಮುಂದೆ ಇಬ್ಬರು ಆಳುಗಳು ಕೂತು ಕೈಯಲ್ಲಿ ರುಬ್ಬುತ್ತಿದ್ದರು. ಈಗ ಆಳುಗಳಿಲ್ಲ, ಮೂರು ಕಲ್ಲುಗಳು ಮೋಟರಿನ ಮೇಲೆ ತಾವಾಗಿಯೇ ತಿರುಗುತ್ತಿದ್ದವು. ದೀಪದ ಲೈನಿನಿಂದ ವೈರು ಎಳೆದಿದ್ದರು. ನಮಗೆ ತಿಳಿಸಿದವರಿಲ್ಲ, ನಾವೂ ಕೇಳಿದವರಲ್ಲ. ಬೀದಿಯ ಉದ್ದಕ್ಕೂ ಹೋಟೆಲಿನಿಂದ ಹೋಟೆಲಿಗೆ ಹೋದೆ. ಎಲ್ಲ ಕಡೆ ಅದೇ ಗರಗರ, ಅದೂ ಒಂದೇ ಹೊತ್ತಿಗೆ. ಮಧ್ಯಾಹ್ನದ ಬಸ್ಸುಗಳ ಊಟದ ಗಲಾಟೆ ಮುಗಿದು, ಸಂಜೆಯ ಬಸ್ಸುಗಳ ಕಾಫಿಯ ಗಲಾಟೆ ಶುರುವಾಗುವ ಮೊದಲು ಹೋಟೆಲಿನವರಿಗೆ ಸಿಗುವ ಬಿಡುವು ಅದೊಂದೇ. ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಬೇಕಾದರೂ ಆಗಲೇ ರುಬ್ಬಬೇಕು. ಬಸ್ಸಿನ ವೇಳಾಪಟ್ಟಿಯೇ ನಮ್ಮ ಟ್ರಾನ್ಸ್‌ಫಾರ್ಮರಿನ ವೇಳಾಪಟ್ಟಿಯಾಗಿತ್ತು. ಅದಕ್ಕೆ ಬಿಡುವು ಹದಿನೈದು ದಿನಕ್ಕೊಮ್ಮೆ, ದಶಮಿಯಂದು. ಸರಿಯಾಗಿ ಆ ಒಂದು ದಿನವನ್ನೇ ಆರಿಸಿ, ಒಳ್ಳೆಯ ದಿನ ಕೆಟ್ಟ ದಿನ ಇಲ್ಲ ಎಂದು ಭಾಷಣ ಮಾಡಿ, ನಾನು ಗಿರಣಿಯನ್ನು ಪರೀಕ್ಷಿಸಿದ್ದೆ.

ಆಮೇಲೆ ಹೊಳೆದದ್ದು ಇನ್ನೊಂದು. ಏಕಾದಶಿಗೆ ಕಟ್ಟುನಿಟ್ಟಿನವರು ನೀರನ್ನೂ ಮುಟ್ಟುವುದಿಲ್ಲ. ಉಳಿದವರು ಅಕ್ಕಿ ಬಿಟ್ಟು ಗೋಧಿ ಹಿಡಿಯುವವರು. ಅವರಿಗೆ ಗೋಧಿಹಿಟ್ಟು ಬೇಕಾಗುವುದು ದಶಮಿಯಂದು. ಆ ಹೆಂಗಸರು ಬಾಗಿಲಲ್ಲಿ ಗದ್ದಲ ಮಾಡಿದ್ದು ಸುಮ್ಮನೆ ಅಲ್ಲ. ಅಂದರೆ ಗಿರಣಿ ಅತಿ ಹೆಚ್ಚು ತಿರುಗುವ ದಿನವೇ ಫ್ಯೂಸ್ ಸುಮ್ಮನಿರುವ ದಿನ!

ಮರುದಿನದ ಮೊದಲ ಬಸ್ಸಿಗೆ ಕಾರ್ಕಳಕ್ಕೆ ಹೋದೆ. ಸಾಹೇಬರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು.

“ಟ್ರಾನ್ಸ್‌ಫಾರ್ಮರು ಏಕಾದಶಿ ಮಾಡ್ತೈತಿ ಅಂತ ನಾ ಮ್ಯಾಲೆ ಬರೀಲೇನ್ರೀ?”

“ಅದು ಮಾಡುವುದಿಲ್ಲ ಸರ್. ಅದನ್ನು ಉಪಯೋಗಿಸುವವರು ಮಾಡುತ್ತಾರೆ.”

“ನಮ್ಮ ಕಡೆ ಸೋಮವಾರ ಒಪ್ಪತ್ತು ಐತಿ. ಅದನ್ನೂ ಹಿಡಸ್ರಿ, ಬಡಪಾಯಿಗೆ ಪುಣ್ಯ ಬರಲಿ.”

“ನೀವೇ ಬಂದು ಎರಡು ದಿನ ನೋಡಿ ಸರ್. ನವಮಿಯ ದಿನ ಗಿರಣಿ ಕತ್ತರಿಸಿದ ಹಾಗೆಯೇ ಇರಲಿ, ಫ್ಯೂಸ್ ಹೋಗುತ್ತದೆ. ದಶಮಿಯ ದಿನ ಗಿರಣಿ ಪೂರಾ ತಿರುಗಲಿ, ಫ್ಯೂಸ್ ಹೋಗುವುದಿಲ್ಲ.”

ಸಾಹೇಬರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. “ಬರ್ತೀನಿ. ನಿಮ್ಮ ಮಾತು ಸುಳ್ಳಾತು ಅಂದ್ರ ಆ ಹೆಣ್ಮಗಳ ಗಿರಣಿನೂ ಹೋತು, ನೀವೂ ವರ್ಗಾ ಆಗಿ ಘಟ್ಟಾ ಹತ್ತಿದ್ರಿ. ತಿಳೀತಿಲ್ಲೋ?”

ಹಿಂದೆ ಬರುವಾಗ, ಬಾಳಿನಲ್ಲಿ ಮೊದಲ ಬಾರಿಗೆ, ಒಂದು ಪಂಚಾಂಗ ಕೊಂಡೆ. ಯಾರಿಗೂ ಕಾಣದ ಹಾಗೆ ಪೇಪರಿನಲ್ಲಿ ಸುತ್ತಿ ಕೊಡಿ ಎಂದೆ.

ಮುಂದಿನ ಪಕ್ಷದ ನವಮಿಯವರೆಗೆ ದಿನ ಕಳೆಯುವುದು ಕಷ್ಟವಾಯಿತು. ಡಬ್ಬ ಹಿಡಿದ ಹೆಂಗಸರು ಸಂತೆಕಟ್ಟೆಯ ಬಸ್ಸಿಗೆ ಹತ್ತುವುದನ್ನು ಗಿರಿಜಕ್ಕ ಮುಚ್ಚಿದ ಗಿರಣಿಯ ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದಳು. ನಾನು ಹಾದುಹೋದರೆ, “ನಿಮ್ಮ ದಶಮಿ ಹೊರಟಿದೆಯಾ, ಇಲ್ಲ ಅದಕ್ಕೂ ಬಸ್ ಸಿಗಲಿಲ್ಲವಾ?” ಎಂದು ಕೇಳುವಳು. ಧಣಿಗಳು ಒಬ್ಬ ಗಾರೆಯವನನ್ನು ಕರೆತಂದು ಗಿರಣಿಯ ಹೊರಗೋಡೆಗೆ ಅಳತೆಯ ದಾರ ಹಿಡಿಸಿಯೂ ಆಗಿತ್ತು.

ನವಮಿ ಬಂತು. ಸಾಹೇಬರು ಮೀಟರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿಳಿದರು. ಧಣಿಗಳೂ ಹಾಜರು. ಊಟದ ಗಲಾಟೆ ಇಳಿಯಿತು. ಮೀಟರಿನ ಮುಳ್ಳು ಇದ್ದಲ್ಲೇ ಇತ್ತು. ಅಷ್ಟರಲ್ಲಿ ಭಟ್ರ ಅಡುಗೆಮನೆಯಿಂದ ಗರಗರ; ಪಕ್ಕದಿಂದ ಇನ್ನೊಂದು; ಆಚೆ ಬದಿಯಿಂದ ಮತ್ತೆರಡು. ಮುಳ್ಳು ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಮೇಲೇರಿತು. ಢಮಾರ್! ಸಾಹೇಬರು ಹಿಂದಕ್ಕೆ ನೆಗೆದು ಸಂಜೀವನ ಕಾಲು ತುಳಿದರು.

“ಗಿರಣಿಯವಳು ಎಲ್ಲಿಂದಾದರೂ ಕಳ್ಳ ಕರೆಂಟ್ ಎಳೆದಿರಬೇಕು ಸರ್,” ಎಂದರು ಧಣಿಗಳು.

ಸಾಹೇಬರು ಗಿರಣಿಯ ತುಂಡಾದ ವೈರಿನತ್ತ ಬೆರಳು ತೋರಿಸಿದರು. “ಕರೆಂಟು ಕಾಗಿ ಹಂಗ ಹಾರಿ ಬರ್ತೈತೇನ್ರೀ?”

ಅಂದು ಸಂಜೆ ಹೋಟೆಲಿನವರನ್ನೆಲ್ಲ ಕೂಡಿಸಿ, ಎಲ್ಲರೂ ಒಟ್ಟಿಗೆ ರುಬ್ಬಬೇಡಿ, ಸರದಿಯ ಮೇಲೆ ರುಬ್ಬಿ ಎಂದೆವು. ಅಲ್ಲಿ ನಡೆದ ವಾಗ್ವಾದದ ಮುಂದೆ ನನ್ನ ಕಾಲೇಜಿನ ಸ್ಪರ್ಧೆಗಳು ಏನೂ ಅಲ್ಲ. ಮೊದಲು ರುಬ್ಬಿದವನ ಹಿಟ್ಟು ಹುಳಿಯುತ್ತದೆ, ಕೊನೆಗೆ ರುಬ್ಬಿದವನದು ಉಬ್ಬುವುದಿಲ್ಲ, ಆದ್ದರಿಂದ ನಡುವಿನ ಸರದಿ ಎಲ್ಲರಿಗೂ ಬೇಕು. ಕೊನೆಗೆ ಸರದಿಯನ್ನು ವಾರಕ್ಕೊಮ್ಮೆ ಬದಲಿಸುವುದೆಂದಾಯಿತು. ಇಡ್ಲಿ ಗಟ್ಟಿಯಾದ ದಿನ ಗಿರಾಕಿಗಳಿಗೆ, “ಇದು ಇಂಜಿನಿಯರ್ರ ಇಡ್ಲಿ,” ಎಂದು ಹೇಳುವ ಹಕ್ಕನ್ನು ಭಟ್ರು ಉಳಿಸಿಕೊಂಡರು. ಮಧ್ಯಾಹ್ನವೂ ಲೋಡು ಅಳೆಯುವ ಕ್ರಮ ನಮ್ಮಲ್ಲಿ ಬಂದದ್ದು ಆಮೇಲೆ. ಎರಡನೆಯ ಟ್ರಾನ್ಸ್‌ಫಾರ್ಮರ್ ಬಂದದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ.

ಆದರೆ ಗಿರಣಿಯ ತೀರ್ಪು ಇನ್ನೂ ಆಗಿರಲಿಲ್ಲ. “ಅರ್ಧಾ ಗೆದ್ದೀರಿ,” ಎಂದಿದ್ದರು ಸಾಹೇಬರು. “ನಾಳೆ ಗಿರಣಿ ಹಚ್ಚಿದಾಗ ಫ್ಯೂಸ್ ಹೋತಂದ್ರ ಇಬ್ಬರೂ ತಪ್ಪಿತಸ್ಥರು ಅಂತ ಬರೀತೀನಿ. ಹೋಟೆಲ್ ಬಂದ್ ಮಾಡಾಕ ಆಗೂದಿಲ್ಲ. ಗಿರಣಿ ಹೋಗ್ತೈತಿ.”

ದಶಮಿಯ ದಿನ ಸಂಜೀವ ಗಿರಣಿಗೆ ಲೈನು ಕೊಟ್ಟ. ಗಿರಿಜಕ್ಕ ಕಲ್ಲು ತಿರುಗಿಸುವ ಪಟ್ಟಿ ಎಳೆದು ನೋಡಿ ಮೋಟರು ಹಾಕಿದಳು. ಕಲ್ಲು ಗುರುಗುಟ್ಟಿದ ಸದ್ದು ಕೇಳಿದ್ದೇ ತಡ, ಸಂತೆಕಟ್ಟೆಯ ಬಸ್ಸಿಗೆ ಕಾಯುತ್ತಿದ್ದ ಹೆಂಗಸರೆಲ್ಲ ಡಬ್ಬ ಎತ್ತಿಕೊಂಡು ಇತ್ತ ಓಡಿಬಂದರು. ಮೆಟ್ಟಿಲಿನಿಂದ ಬೀದಿಯವರೆಗೆ ಡಬ್ಬಗಳ ಸಾಲು. ಹೋಟೆಲುಗಳ ಗ್ರೈಂಡರುಗಳು ತಣ್ಣಗಿದ್ದವು. ಸಂಜೀವ ಫ್ಯೂಸಿನ ಕೆಳಗೆ, ಸಾಹೇಬರು ಮೀಟರು ಹಿಡಿದು ಅವನ ಪಕ್ಕದಲ್ಲಿ. ಧಣಿಗಳು ಸ್ವಲ್ಪ ದೂರ ನಿಂತು, ತುತ್ತೂರಿಯ ಸದ್ದಿಗೆ ಕಾಯುವವರಂತೆ ಫ್ಯೂಸಿನ ಕಡೆ ಕಿವಿ ಕೊಟ್ಟಿದ್ದರು. ವಾದ ಮುಗಿದು ತೀರ್ಪುಗಾರರು ಅಂಕ ಬರೆಯುವಾಗ ಅವರ ಪೆನ್ನನ್ನು ನೋಡುವ ಹಾಗೆ ನಾನು ಮೀಟರಿನ ಮುಳ್ಳನ್ನು ನೋಡುತ್ತಿದ್ದೆ.

ಡಬ್ಬದ ಮೇಲೆ ಡಬ್ಬ ಮುಗಿಯಿತು. ಗಿರಿಜಕ್ಕ ಒಂದು ದೊಡ್ಡ ಹಿತ್ತಾಳೆಯ ಡಬ್ಬ ಎತ್ತಿದಳು.

“ಇದು ಯಾರದು?”

ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವುದು ನಮ್ಮ ಕಡೆಯ ರೂಢಿ. ಅವಳು ಡಬ್ಬ ತಿರುಗಿಸಿ ಓದಿ ನಕ್ಕಳು.

“ಧಣಿಗಳದ್ದು! ಮನೆಯಿಂದ ಕಳಿಸಿದ್ದಾರೆ. ನಾಳೆಯ ಫಲಾಹಾರಕ್ಕಾ ಧಣಿಗಳೇ?”

“ಅಮ್ಮ ಕಳಿಸಿದ್ದಿರಬೇಕು,” ಎಂದರು ಧಣಿಗಳು, ಯಾರ ಮುಖವನ್ನೂ ನೋಡದೆ. “ಅವರಿಗೆ ನಾಳೆ ಗೋಧಿಯೇ ಆಗಬೇಕು.”

“ಹಾಕವ್ವಾ ತಾಯಿ,” ಎಂದರು ಸಾಹೇಬರು. “ಪೂರಾ ಹಾಕು. ಕಲ್ಲು ಬಿಗೀ ಮಾಡು, ಲೋಡು ಪೂರಾ ಬೀಳಲಿ.”

ಗಿರಿಜಕ್ಕ ಗೋಧಿಯನ್ನೆಲ್ಲ ಒಮ್ಮೆಗೇ ಸುರಿದಳು.

ಕಲ್ಲು ಮುಕ್ಕರಿಯಿತು. ಮುಳ್ಳು ನೆಗೆಯಿತು. ಫ್ಯೂಸಿನಿಂದ ಸಣ್ಣಗೆ ಒಂದು ಗುಂಯ್ ಸದ್ದು. ಧಣಿಗಳು ಮೇಲೆ ಫ್ಯೂಸನ್ನು ನೋಡಿದರು. ಕೆಳಗೆ ಚೀಲಕ್ಕೆ ಬೀಳುತ್ತಿದ್ದ ಹಿಟ್ಟನ್ನು ನೋಡಿದರು. ಅರ್ಧ ಹಿಟ್ಟು ಬಿದ್ದಿತ್ತು, ಅರ್ಧ ಗೋಧಿ ಇನ್ನೂ ಕಲ್ಲಿನ ಬಾಯಲ್ಲಿತ್ತು. ಫ್ಯೂಸ್ ಈಗ ಹೋದರೆ ಲಾಡ್ಜು ಸಿಕ್ಕಿತು; ಆದರೆ ಮನೆಗೆ ಹೋಗಿ ಅಮ್ಮನಿಗೆ ಹೇಳುವುದು ಏನು?

ಸಂಜೀವನಿಗೆ ಆ ಮುಖ ಕಂಡು ತಡೆಯಲಾಗಲಿಲ್ಲ. “ಧಣಿಗಳೇ, ಎಂತ ಹೇಳ್ತೀರಿ? ಫ್ಯೂಸ್ ಹೋಗಬೇಕಾ, ಇರಬೇಕಾ?”

ಧಣಿಗಳು ಎರಡೂ ಕೈ ಎತ್ತಿದರು.

“ಸ್ವಲ್ಪ ನಿಲ್ಲು ಮಾರಾಯ! ಈ ಡಬ್ಬ ಒಂದು ಆಗಲಿ!”

ಸಾಹೇಬರು ನಕ್ಕ ನಗೆಗೆ ಮೀಟರು ಕೈಯಿಂದ ಜಾರಿತು; ಅದು ನೆಲ ಮುಟ್ಟುವ ಮೊದಲು ಸಂಜೀವ ಹಿಡಿದ. ಡಬ್ಬ ಆಯಿತು. ಫ್ಯೂಸ್ ಇದ್ದಲ್ಲೇ ಇತ್ತು. “ಲೈನು ಇನ್ನ ತಗಿಯೂದಿಲ್ಲ,” ಎಂದು ಸಾಹೇಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಗಿರಿಜಕ್ಕ ಬಿಸಿ ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಒತ್ತಿ ಧಣಿಗಳ ಕೈಗೆ ಕೊಟ್ಟಳು. ಹುಬ್ಬಿನ ಹಿಟ್ಟನ್ನು ತೋಳಿನಿಂದ ಒರೆಸಿಕೊಂಡು, ಸಾಲಿನ ಕಡೆ ಕೈ ಚಾಚಿದಳು.

“ಮುಂದಿನದು ಯಾರದ್ದು? ಬೇಗ ತನ್ನಿ.”